ಪಂಜಕ್ಕೆ ಎರಡು ಚೆಂಬು ನೀರು

2023ರ ಡಿಸೆಂಬರ್. ತೋಟಗಾರಿಕೆ ಓದಿ, ಪುತ್ತೂರಿನಲ್ಲಿ ಸಣ್ಣದೊಂದು ನರ್ಸರಿ ಇಟ್ಟುಕೊಂಡು, ಮನೆಯಂಗಳಗಳ ವಿನ್ಯಾಸ ಮಾಡುವ ಕೆಲಸಕ್ಕೆ ನಾನು ಇಳಿದು ಆಗಲೇ ಹದಿನೆಂಟು ವರ್ಷವಾಗಿತ್ತು. ನಮ್ಮ ಕಡೆ ತೋಟ ಎಂದರೆ ಅಡಿಕೆಯದ್ದೇ. ಹೂವಿನ ಗಿಡ ನೆಡಲು ಫೀಸು ತೆಗೆದುಕೊಳ್ಳುವ ನನ್ನನ್ನು ಜನ ಈಗಲೂ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ನಾನೂ ಕಡಿಮೆಯವಳಲ್ಲ, ನೀರು ಹೀರುವ ಲಾನ್ ಬೇಕು ಎಂದವರ ಜೊತೆ ಜಗಳವಾಡದೆ ಕೆಲಸ ಒಪ್ಪಿಕೊಂಡದ್ದೇ ಇಲ್ಲ. ಹಾಗಾಗಿ ಐವರ್ನಾಡಿನಿಂದ ದಿವ್ಯ ಎಂಬವಳು ಫೋನ್ ಮಾಡಿ, "ಮೇಡಂ, ನೀರೇ ಹಾಕದೆ ಬದುಕುವ ಗಾರ್ಡನ್ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದಾಗ ಹುಡುಗಿ ಕೂಡಲೇ ಇಷ್ಟವಾದಳು.

ಅವಳ ಮನೆಯ ಗೇಟು ದಾಟುವಾಗಲೇ ಅಂಗಳದ ಬದಿಯಿಂದ ಒಂದು ಗಟ್ಟಿ ದನಿ ಕೇಳಿಸಿತು. "ಎರಡು ದಿವಸದಿಂದ ಕಡಬಕ್ಕೆ ನೀರಿಲ್ಲ. ನೆಟ್ಟಣ ಪೂರಾ ಬಾಡಿ ಹೋಗಿದೆ. ಪಂಜದ ಕಥೆಯಂತೂ ಹೇಳುದೇ ಬೇಡ!" ಯಾರೋ ಜನಪ್ರತಿನಿಧಿ ಇರಬೇಕು, ಸುತ್ತಲಿನ ಊರುಗಳ ಕುಡಿಯುವ ನೀರಿನ ದೂರು ಹೇಳುತ್ತಿದ್ದಾರೆ ಎಂದುಕೊಂಡೆ. ದಿವ್ಯ ನಕ್ಕಳು. "ಅದು ನನ್ನ ಅತ್ತೆ ಮೇಡಂ. ಗಿಡಗಳ ಬಗ್ಗೆ ಹೇಳುದು."

ಅತ್ತೆಯ ಹೆಸರು ಕುಸುಮಕ್ಕ. ಅರವತ್ತು ದಾಟಿದವರು. ಮದುವೆ, ಮುಂಜಿ, ಬಾಣಂತಿಯನ್ನು ನೋಡುವುದು, ಯಾವುದಕ್ಕೆ ಹೋದರೂ ಆ ಮನೆಯಿಂದ ಬರಿಗೈಯಲ್ಲಿ ಬಂದವರಲ್ಲ. ಊಟವಾದ ಮೇಲೆ ಅಂಗಳಕ್ಕೆ ಒಂದು ಸುತ್ತು ಹಾಕಿ "ಇದರದ್ದೊಂದು ಗೆಲ್ಲು ಕೊಡಿ" ಎಂದು ಕೇಳುವುದು ನಮ್ಮ ಹೆಂಗಸರಿಗೆಲ್ಲ ಅಭ್ಯಾಸ. ಕುಸುಮಕ್ಕ ಹಾಗೆ ತಂದು ನೆಟ್ಟ ರೆಂಬೆ, ಗಡ್ಡೆಗಳು ಚಟ್ಟಿ, ಪೈಂಟಿನ ಬಕೆಟ್, ಒಡೆದ ಟಬ್ಬುಗಳಲ್ಲೆಲ್ಲ ತುಂಬಿ ಮೆಟ್ಟಿಲವರೆಗೂ ಬಂದಿದ್ದವು. ಗಿಡದ ಹೆಸರು ಅವರಿಗೆ ಬೇಕಿರಲಿಲ್ಲ. ಎಲ್ಲಿಂದ ಬಂತೋ ಆ ಊರೇ ಅದರ ಹೆಸರು.

ಆದರೆ ಮನೆ ಇರುವುದು ಗುಡ್ಡದ ಮೇಲೆ, ಕೆಂಪುಕಲ್ಲಿನ ನೆಲದಲ್ಲಿ. ಫೆಬ್ರವರಿ ಬರುವಾಗ ಬಾವಿಯ ನೀರು ಮನೆ ಖರ್ಚಿಗೇ ಸಾಕಾಗುವುದಿಲ್ಲ. ಪೈಪು ಎಳೆಯುವ ಮಾತೇ ಇಲ್ಲ. ಕುಸುಮಕ್ಕ ಪಾತ್ರೆ ತೊಳೆದ ನೀರನ್ನೆಲ್ಲ ಕೊಡಪಾನದಲ್ಲಿ ಹೊತ್ತು ಹಾಕುತ್ತಿದ್ದರು. ಡಿಸ್ಕ್ ಜಾರಿದ ಬೆನ್ನು ಅವರದ್ದು. ಹಿಂದಿನ ತಿಂಗಳು ಕೊಡಪಾನ ಸಮೇತ ಮೆಟ್ಟಿಲಲ್ಲಿ ಬಿದ್ದಿದ್ದರು. ಇನ್ನೊಮ್ಮೆ ಬಿದ್ದರೆ ಎದ್ದು ನಡೆಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಮನೆಯವರ ಕಣ್ಣು ತಪ್ಪಿಸಿ ಹೊರುತ್ತಲೇ ಇದ್ದರು.

"ಗಿಡ ಬೇಡ ಅಂತಲ್ಲ ಮೇಡಂ," ದಿವ್ಯ ಮೆಲ್ಲಗೆ ಹೇಳಿದಳು. "ನಮಗೆ ಅತ್ತೆ ಬೇಕು." ಹೇಳುವಾಗ ಅವಳ ಕಣ್ಣು ತುಂಬಿತ್ತು.

ನನ್ನ ವೃತ್ತಿಯಲ್ಲಿ ಹೈಡ್ರೋಝೋನಿಂಗ್ ಎಂಬ ದೊಡ್ಡ ಮಾತೊಂದಿದೆ. ಒಂದೇ ಥರದ ಬಾಯಾರಿಕೆಯ ಗಿಡಗಳನ್ನು ಒಂದೇ ಕಡೆ ನೆಡುವುದು ಎಂದಷ್ಟೇ ಅದರ ಅರ್ಥ. ನಮ್ಮಲ್ಲಿ ಇನ್ನೊಂದು ಫಜೀತಿ ಉಂಟು. ಮೊಬೈಲಿನಲ್ಲಿ ನೋಡಿ ಮರುಳಾಗುವ ಮರುಭೂಮಿಯ ಗಿಡಗಳು ಜೂನ್ ಮಳೆಗೆ ಕೊಳೆತುಹೋಗುತ್ತವೆ. ಇಲ್ಲಿ ಗಟ್ಟಿ ಗಿಡ ಎಂದರೆ ಮಳೆಗಾಲ, ಬೇಸಗೆ ಎರಡನ್ನೂ ತಡೆದುಕೊಳ್ಳುವ ಗಿಡ. ಅದಕ್ಕೆ ಹಳೆಯ ದನದ ಹಟ್ಟಿಯ ಕೆಂಪುಕಲ್ಲುಗಳಿಂದ ಏರು ಮಡಿ ಕಟ್ಟಿ, ನಡುವೆ ಕಲ್ಲಿನ ಚೂರು ಹರಡಿ, ಕೇಪಳ, ದೇವಕಣಗಿಲೆ, ಲೋಳೆಸರ, ನಿತ್ಯಪುಷ್ಪ, ಮಜ್ಜಿಗೆಹುಲ್ಲು ನೆಡುವ ನಕ್ಷೆ ಮಾಡಿದೆ. ಅವೆಲ್ಲ ಕುಸುಮಕ್ಕನ ಚಟ್ಟಿಗಳಲ್ಲೇ ಇದ್ದವು. ಕಡಬ ಎಂದರೆ ದೇವಕಣಗಿಲೆ ಎಂದು ಆಗ ತಿಳಿಯಿತು. ಅದಕ್ಕೆ ನೀರು ಬೇಕಾಗಿಯೇ ಇರಲಿಲ್ಲ.

ಕಷ್ಟವಾದದ್ದು ಉಳಿದವುಗಳದ್ದು. ಫರ್ನ್, ಬಿಗೋನಿಯಾ, ಆಂಥೂರಿಯಂ, ಎಲ್ಲವೂ ನೀರು ಕುಡಿಯುವವು. ಇವನ್ನು ಬಿಡಬೇಕು ಎಂದೆ. ಕುಸುಮಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಕೊಟ್ಟವರು ಬಂದು ಕೇಳಿದ್ರೆ ಎಂತ ಹೇಳುದು ಮಾರಾಯ್ರೆ? ಬಿಸಾಡಿದೆ ಅಂತಲಾ?"

"ಬಿಸಾಡುದು ಬೇಡ. ನೀವು ಗೆಲ್ಲು ಕೇಳಿ ತಂದದ್ದಲ್ವಾ? ಈಗ ನೀರಿದ್ದವರು ನಿಮ್ಮಲ್ಲಿ ಕೇಳಿ ಕೊಂಡುಹೋಗ್ಲಿ" ಎಂದೆ.

ಅವರು ಚಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ದಿವ್ಯಳ ಕಡೆ ತಿರುಗಿ, "ಭಾನುವಾರ ಪಾಯಸ ಮಾಡುವ. ಸುಮ್ಮನೆ ಗಿಡ ಕೊಟ್ಟು ಕಳಿಸ್ಲಿಕ್ಕೆ ಆಗ್ತದಾ?" ಎಂದರು.

ಆ ಭಾನುವಾರ ಬಂದ ಹೆಂಗಸರ ಗದ್ದಲವನ್ನು ನಾನು ಮರೆಯಲಾರೆ. ನೆಟ್ಟಣದ ಆಂಥೂರಿಯಂ ಹೊಳೆಬದಿಯ ಮನೆಗೆ ಹೋಯಿತು. ಯಾವುದನ್ನು ಕೊಡುವಾಗಲೂ ಕುಸುಮಕ್ಕ ಅದರ ಊರು ಹೇಳಿಯೇ ಕೊಟ್ಟರು. ಕೊಡಬೇಕಿದ್ದವುಗಳಲ್ಲಿ ಸಂಜೆಗೆ ಉಳಿದದ್ದು ಒಂದೇ ಚಟ್ಟಿ, ಸುಗಂಧಿ. ಅದನ್ನು ಕೇಳಿದವರಿಗೆಲ್ಲ ಅವರು ಅಡ್ಡ ತಲೆಯಾಡಿಸಿದ್ದರು.

"ಇದು ಪಂಜ," ಎಂದರು. ಪಂಜಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ, ತೀರಿಕೊಳ್ಳುವ ವರ್ಷ ತಾನೇ ಗಡ್ಡೆ ಅಗೆದು ಕೊಟ್ಟದ್ದಂತೆ. "ಇದನ್ನು ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಇದೊಂದಕ್ಕೆ ನಾನು ಹೊರ್ತೇನೆ."

ಸುಗಂಧಿ ಎಂದರೆ ಶುಂಠಿ ಜಾತಿಯ, ಬಿಳಿ ಹೂವಿನ, ಚರಂಡಿ ಬದಿಯ ಗಿಡ. ಒದ್ದೆ ನೆಲವಿಲ್ಲದೆ ಬೇಸಗೆ ಕಳೆಯದು. ಒಂದಕ್ಕೆ ಹೊತ್ತವರು ನಾಳೆ ಹತ್ತಕ್ಕೂ ಹೊರುತ್ತಾರೆ ಎಂದು ದಿವ್ಯಳಿಗೂ ಗೊತ್ತು, ನನಗೂ ಗೊತ್ತು. ಅಂಗಳ ನೋಡುತ್ತ ನಿಂತೆ. ಜಗಲಿಯ ಪಕ್ಕ, ನಲ್ಲಿಯ ಬುಡದಲ್ಲಿ ಕಾಲು ತೊಳೆಯುವ ಕಲ್ಲು. ಆ ದಿನ ಬಂದವರೆಲ್ಲ ಅಲ್ಲಿ ಕಾಲಿಗೆ ನೀರು ಹಾಕಿಕೊಂಡೇ ಒಳಗೆ ಹೋಗಿದ್ದರು. ಕಲ್ಲಿನಿಂದ ಇಳಿದ ನೀರು ಗೋಡೆಯ ನೆರಳಿನಲ್ಲಿ ಹರಿದು, ಮಣ್ಣು ಸಂಜೆಯವರೆಗೂ ಒದ್ದೆಯಾಗಿಯೇ ಇತ್ತು. ಸೋಪು ಇಲ್ಲದ ಒಳ್ಳೆಯ ನೀರು.

ಮರುದಿನ ಕಲ್ಲನ್ನು ತುಸು ಓರೆಯಾಗಿ ಕೂರಿಸಿ, ಅದರ ಕೆಳಗೆ ಹೊಂಡ ತೋಡಿಸಿ, ತೆಂಗಿನ ಸಿಪ್ಪೆ ತುಂಬಿಸಿ, ಪಂಜವನ್ನು ಅಲ್ಲಿ ನೆಟ್ಟೆ. ಕುಸುಮಕ್ಕ ಕೊಡಪಾನವನ್ನು ತಾವಾಗಿ ಅಡುಗೆಮನೆಯ ಅಟ್ಟಕ್ಕೆ ಹಾಕಿಸಿದರು.

ಈ ಕೆಲಸದ ನಂತರ ನನ್ನ ಪದ್ಧತಿ ಬದಲಾಯಿತು. ಬಾವಿ ಎಷ್ಟು ಆಳ ಎಂದು ಕೇಳುವ ಮೊದಲು, ಮನೆಗೆ ಯಾರೆಲ್ಲ ಬರುತ್ತಾರೆ ಎಂದು ಕೇಳುತ್ತೇನೆ. ಅಂಗಳದ ನೀರಿನ ಲೆಕ್ಕದಲ್ಲಿ ಅವರೂ ಇರುತ್ತಾರೆ ಎಂಬುದು ಪಾಠದ ಪುಸ್ತಕದಲ್ಲಿ ಇರಲಿಲ್ಲ.

ಮುಂದಿನ ಏಪ್ರಿಲಿನ ಸುಡು ಮಧ್ಯಾಹ್ನ ಅಲ್ಲಿಗೆ ಹೋದೆ. ಕೆಂಪು ಕಲ್ಲುಗಳ ನಡುವೆ ಕೇಪಳ ಹೂ ಬಿಟ್ಟಿತ್ತು. ಕಾರಿನಿಂದ ಇಳಿದವಳು ನೇರ ಜಗಲಿ ಹತ್ತಲು ಹೊರಟಾಗ ಕುಸುಮಕ್ಕ ಕುಳಿತಲ್ಲಿಂದಲೇ ಗದರಿದರು. "ಹೋಯ್, ಕಾಲು ತೊಳ್ದು ಬನ್ನಿ!" ನಾಚಿಕೊಂಡು ಒಂದು ಚೆಂಬು ಹಾಕಿಕೊಂಡೆ. ಅವರು ಹಸಿರಾಗಿ ನಿಂತಿದ್ದ ಸುಗಂಧಿಯನ್ನು ಇಣುಕಿ ನೋಡಿದರು.

"ಇನ್ನೊಂದು ಚೆಂಬು ಹಾಕಿ ಮಾರಾಯ್ರೆ," ಎಂದರು. "ಅಕ್ಕನಿಗೆ ಸಾಕಾಗ್ಲಿಲ್ಲ."