ರೊಸೆಂದೊನ ಪಂಪು, ದೆಲ್ಫಿನಾಳ ಕಿವಿ

ನಮ್ಮೂರ ಸ್ನಾನದ ಕೊಳಕ್ಕೆ ಬಿಸಿನೀರೆತ್ತುವ ಪಂಪನ್ನು ರೊಸೆಂದೊ ತೊಆಪಾಂತ ನೋಡಿಕೊಳ್ಳುತ್ತಿದ್ದ. ಬಂಡೆಯ ಬುಡದಲ್ಲಿ ಬಿಸಿನೀರು ಉಕ್ಕುವ ಊಟೆ, ದಿಬ್ಬದ ಮೇಲೆ ಕೊಳ, ಎರಡರ ನಡುವೆ ಅವನ ತಗಡಿನ ಶೆಡ್ಡು. ನಾನು ಕೊಳದ ಬಾಗಿಲಲ್ಲಿ ಟಿಕೆಟ್ ಹರಿಯುವವಳು. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವನ ಮೋಟಾರು ತಿರುಗುತ್ತಿರುತ್ತಿತ್ತು.

ಐವತ್ತು ದಾಟಿದರೂ ಮದುವೆಯಾಗದವನು. ನನ್ನ ಎದುರಿಗೇ ಮಿಠಾಯಿ ಅಂಗಡಿ ಇಟ್ಟಿದ್ದ ವಿಧವೆ ದೆಲ್ಫಿನಾ ಬಾಗಿಲ ಚೌಕಟ್ಟಿನ ಕೊಕ್ಕೆಗೆ, ಮಿಠಾಯಿ ಹದಕ್ಕೆ ಬರಲೆಂದು, ಕಬ್ಬಿನ ಗಟ್ಟಿ ಪಾಕವನ್ನು ಎಸೆದು, ಎಳೆದು, ಮತ್ತೆ ಎಸೆಯುವುದನ್ನು ನೋಡುತ್ತ ಸಂಜೆಯೆಲ್ಲ ನಿಂತಿರುತ್ತಿದ್ದ. ಹೋಗುವಾಗ ಒಂದು ಪೊಟ್ಟಣ ಕೊಳ್ಳುತ್ತಿದ್ದ.

"ಬಾಯಲ್ಲಿ ನೆಟ್ಟಗೆ ಹಲ್ಲಿಲ್ಲ. ದಿನಾ ಮಿಠಾಯಿ ತಗೊಂಡು ಏನ್ಮಾಡ್ತೀಯ?" ಎಂದು ಅವಳು ಒಂದು ದಿನ ಕೇಳಿಯೇಬಿಟ್ಟಳು.

"ಕೋಳಿಗೆ ಹಾಕ್ತೀನಿ" ಎಂದ.

ಆ ವರ್ಷವೇ ಅವರ ಮದುವೆಯಾಯಿತು. ಕೋಳಿಗಳನ್ನೂ ಅವಳೇ ನೋಡಿಕೊಳ್ಳತೊಡಗಿದಳು.

ಊಟೆಯ ನೀರು ಕೈಯಿಟ್ಟರೆ ಚರ್ಮ ಸುಲಿಯುವಂಥದ್ದು. ಅದನ್ನು ಹಾಗೆಯೇ ಮೇಲೆತ್ತಿ, ದಿಬ್ಬದ ತೊಟ್ಟಿಯಲ್ಲಿ ಹೊಳೆಯ ನೀರು ಬೆರೆಸುವುದು ಹಿಂದಿನಿಂದ ಬಂದ ಕ್ರಮ. ಆದರೆ ಅಷ್ಟು ಸುಡುವ ನೀರನ್ನು ಎಳೆಯಲು ಪಂಪು ಏದುಸಿರು ಬಿಡುತ್ತಿತ್ತು. ರಜೆಯ ದಿನ ಕೊಳ ಅರ್ಧವೂ ತುಂಬುತ್ತಿರಲಿಲ್ಲ. ಅಂಬಾತೊ ಪಟ್ಟಣದಿಂದ ಬಂದವರು ಮೊಣಕಾಲು ಮುಳುಗದ ನೀರಲ್ಲಿ ಕೂತು ನನ್ನನ್ನು ಬೈಯುತ್ತಿದ್ದರು. ಆಗ ರೊಸೆಂದೊ ಒಂದು ಉಪಾಯ ಮಾಡಿದ. ಹೊಳೆಯ ಕೊಳವೆಯನ್ನು ಕೆಳಗೆ ಊಟೆಗೇ ತಿರುಗಿಸಿ, ನೀರನ್ನು ಐವತ್ತು ಡಿಗ್ರಿಯ ಆಸುಪಾಸಿಗೆ ಇಳಿಸಿ, ಆಮೇಲೆ ಎತ್ತಿದ. ಕೊಳ ತುಂಬಿ ಚೆಲ್ಲಿತು. ಸ್ನಾನದ ಕೊಳದ ಸಮಿತಿಯ ಅಧ್ಯಕ್ಷ ಅಬೆಲಾರ್ದೊ ಎಲ್ಲರೆದುರು ಅವನ ಬೆನ್ನು ತಟ್ಟಿದ. ರೊಸೆಂದೊ ಆ ವಾರವೆಲ್ಲ ಹೊಸ ಟೋಪಿ ಹಾಕಿಕೊಂಡು ಓಡಾಡಿದ.

ಕೆಲವು ತಿಂಗಳು ಕಳೆದ ಮೇಲೆ ದೆಲ್ಫಿನಾ ಮಧ್ಯಾಹ್ನದ ಊಟ ಹಿಡಿದು ಶೆಡ್ಡಿಗೆ ಹೋದಳು. ನಾನೂ ಜೊತೆಗಿದ್ದೆ. ಬಾಗಿಲಲ್ಲೇ ಅವಳು ನಿಂತುಬಿಟ್ಟಳು.

"ಇದರ ಹೊಟ್ಟೆಗೆ ಜಲ್ಲಿ ಹೋಗಿದೆಯೇನೋ? ಕಲ್ಲು ಅಗಿಯೋ ಸದ್ದು ಬರ್ತಿದೆ."

ರೊಸೆಂದೊ ನಮಗೆ ಬೆನ್ನು ಹಾಕಿ ಬೋಲ್ಟು ಒರೆಸುತ್ತಿದ್ದ. ಅಲುಗಲಿಲ್ಲ. ಅವಳು ಜೋರಾಗಿ ಕೂಗಿದಳು. ಆಗಲೂ ಇಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದ ಮೇಲೆ ತಿರುಗಿ, ಅವಳ ತುಟಿಗಳನ್ನೇ ನೋಡುತ್ತ ನಕ್ಕ.

ದೆಲ್ಫಿನಾ ಬುಟ್ಟಿಯನ್ನು ಕೆಳಗಿಟ್ಟಳು. "ಯಾವಾಗಿಂದ ಹೀಗೆ?"

ಅವನು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಮದುವೇಲಿ ಪಾದ್ರಿ ಹೇಳಿದ್ದು ನಂಗೆ ಅರ್ಧ ಕೇಳಿಸಿಲ್ಲ ಕಣೆ. ನೀನು ತಲೆ ಆಡಿಸ್ದೆ, ನಾನೂ ಆಡಿಸ್ದೆ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ."

ಅವಳು ಅವನ ಎರಡು ಕಿವಿಗಳನ್ನೂ ಅಂಗೈಯಲ್ಲಿ ಹಿಡಿದು ನಿಂತಳು. ನಾನು ಹೊರಗೆ ಬಂದುಬಿಟ್ಟೆ.

ಪಂಪು ಬಿಚ್ಚಿದಾಗ ಒಳಗಿನ ಕಂಚಿನ ಚಕ್ರದ ರೆಕ್ಕೆಗಳು ಗೆದ್ದಲು ತಿಂದ ಹಲಗೆಯಂತಾಗಿದ್ದವು. ಹೊಸ ಚಕ್ರ ಹಾಕಿದರು. ಅದಕ್ಕೂ ಅದೇ ಗತಿಯಾಯಿತು. ರೊಸೆಂದೊ ಮರಳು ಸೋಸುತ್ತಿಲ್ಲ ಎಂದು ಅಬೆಲಾರ್ದೊ ಸಿಟ್ಟಾದ. ಊಟೆಯ ನೀರಿನಲ್ಲಿರುವ ಗಂಧಕದ ಕಾಟ ಎಂದರು ಕೆಲವರು.

ಸಭೆ ಕರೆದರು. ಅಂಬಾತೊದಿಂದ ನರ್ಸೀಸಾ ಎಂಬ ಎಂಜಿನಿಯರಮ್ಮನೂ ಬಂದಿದ್ದರು. ರೊಸೆಂದೊ ಟೋಪಿ ಕೈಯಲ್ಲಿ ಹಿಡಿದು ಎದ್ದ.

"ನನ್ನ ಕಿವಿ ಹೋಗಿದೆ. ಚಕ್ರ ಸವೀತಿರೋದು ನನಗೆ ಕೇಳಿಸ್ಲಿಲ್ಲ. ಕೆಳಗೇ ತಣ್ಣೀರು ಬೆರೆಸಿದ್ದೂ ನಾನೇ. ಅದಕ್ಕೆ ಮುಂಚೆ, ಸುಡೋ ನೀರೆತ್ತುವಾಗ, ಚಕ್ರ ಹೀಗೆ ಹಾಳಾಗಿರ್ಲಿಲ್ಲ. ಯಾಕೆ ಅಂತ ಗೊತ್ತಿಲ್ಲ."

ಎಂಜಿನಿಯರಮ್ಮ ಎದ್ದು ಬಂದು ಅವನಿಗೆ ಮುಖ ಕೊಟ್ಟು ನಿಂತರು. ಅವನು ತುಟಿ ಓದಲೆಂದು, ಹೆಸರಿಗೆ ಮರ್ಯಾದೆಯ ‘ದೋನ್’ ಸೇರಿಸಿ, ನಿಧಾನವಾಗಿ ಮಾತಾಡಿದರು.

"ದೋನ್ ರೊಸೆಂದೊ, ಪಂಪು ನೀರನ್ನ ಹೀರೋವಾಗ ಒತ್ತಡ ಇಳಿದು ನೀರಲ್ಲಿ ಗುಳ್ಳೆ ಏಳುತ್ತೆ. ಒತ್ತಡ ಏರಿದ ತಕ್ಷಣ ಗುಳ್ಳೆ ಕುಸಿಯುತ್ತೆ. ಆ ಕುಸಿತ ಲೋಹಕ್ಕೆ ಸುತ್ತಿಗೆ ಏಟಿದ್ದ ಹಾಗೆ. ನೀರು ಕುದಿಯೋಕೆ ಹತ್ತಿರ ಇದ್ರೆ ಗುಳ್ಳೆ ಒಳಗೆ ಆವಿ ತುಂಬ್ಕೊಂಡಿರುತ್ತೆ. ಮಧ್ಯೆ ದಿಂಬು ಇಟ್ಟು ಹೊಡೆದಂಗೆ, ಏಟು ಮೆತ್ತಗೆ. ತೀರಾ ತಣ್ಣಗಿದ್ರೆ ಗುಳ್ಳೆ ಏಳೋದೇ ಕಡಿಮೆ. ನೀವು ಇಳಿಸಿದ ನಡುವಿನ ಬಿಸೀಲಿ ಗುಳ್ಳೇನೂ ಸಾಕಷ್ಟು, ಏಟೂ ಜೋರು."

"ಅಂದ್ರೆ ಪಂಪಿಗೆ ಸುಖ ಆಗ್ಲಿ ಅಂತ ನಾನು ಮಾಡಿದ್ದೇ..." ಎಂದ ರೊಸೆಂದೊ.

"ಯಾರಾದ್ರೂ ಹಾಗೇ ಅಂದ್ಕೊಳ್ತಿದ್ರು. ನಾನೂ ಅಷ್ಟೆ."

ಪಂಪನ್ನು ಊಟೆಯ ನೀರಿನ ಮಟ್ಟಕ್ಕಿಂತ ಕೆಳಗೆ, ಗುಂಡಿ ತೋಡಿ ಇಳಿಸಬೇಕೆಂದರು ಎಂಜಿನಿಯರಮ್ಮ. ನೀರು ತನ್ನ ಭಾರದಿಂದಲೇ ಒಳಗೆ ಬಂದರೆ ಗುಳ್ಳೆ ಅಷ್ಟು ಏಳುವುದಿಲ್ಲ, ಏದುಸಿರೂ ಇರುವುದಿಲ್ಲ. ಬೆರಕೆ ಮೊದಲಿನಂತೆ ಮೇಲೆಯೇ ಆಗಲಿ ಎಂದರು.

"ಅದೆಲ್ಲ ಸರಿ, ಕಿವುಡನ ಕೈಗೆ ಪಂಪು ಕೊಡೋದು ಹೇಗೆ?" ಎಂದ ಅಬೆಲಾರ್ದೊ. ಮಾತಿನಲ್ಲಿ ಕುಹಕವಿರಲಿಲ್ಲ, ಚಿಂತೆಯಿತ್ತು.

ಹಿಂದಿನ ಬೆಂಚಿನಿಂದ ದೆಲ್ಫಿನಾ ಎದ್ದಳು. "ನನ್ನ ಕೊಕ್ಕೆ ಶೆಡ್ಡಿನ ಬಾಗಿಲಿಗೆ ಹೊಡೀತೀನಿ. ಪಾಕ ಎಳೀತಾ ಸದ್ದು ಕೇಳಿಸ್ಕೊಳ್ತೀನಿ. ರಿಪೇರಿ ಅವನ ಕೈಗೆ ಬಿಡಿ. ಅವನ ಕೈಗೇನೂ ಆಗಿಲ್ಲ, ನಂಗೆ ಗೊತ್ತು."

ಸಭೆಯೆಲ್ಲ ನಕ್ಕಿತು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ರೊಸೆಂದೊ ಹೆಂಡತಿಯ ಕಡೆ ನೋಡಿದ. ಅವಳ ಮುಖ ಕೆಂಪಾಗಿತ್ತು.

ಗುಂಡಿ ತೋಡಲು ಊರೇ ಬಂತು. ಅಬೆಲಾರ್ದೊ ಅಂಗಿ ಬಿಚ್ಚಿ ಗುದ್ದಲಿ ಹಿಡಿದ. ದೆಲ್ಫಿನಾ ಎಲ್ಲರಿಗೂ ಆಲೂಗಡ್ಡೆಯ ರೊಟ್ಟಿ ಸುಟ್ಟುಕೊಟ್ಟಳು. ಪಂಪು ಕೆಳಗಿಳಿದ ಮೇಲೆ ಕಲ್ಲು ಅಗಿಯುವ ಸದ್ದು ನಿಂತಿತು. ಮರುವರ್ಷ ಬಿಚ್ಚಿ ನೋಡಿದಾಗ ರೆಕ್ಕೆಗಳು ನುಣ್ಣಗಿದ್ದವು. ಅಲ್ಲಲ್ಲಿ ಒಂದೆರಡು ಚುಕ್ಕೆ, ಅಷ್ಟೆ. ರೊಸೆಂದೊ ಆ ಚಕ್ರವನ್ನು ಎದೆಗವಚಿಕೊಂಡು ಟಿಕೆಟ್ ಕಿಟಕಿಯವರೆಗೂ ಬಂದು ನನಗೆ ತೋರಿಸಿದ.

ಈಗ ಅವನಿಗೆ ಏನೂ ಕೇಳಿಸುವುದಿಲ್ಲ. ಕೊಳ ತೆರೆಯುವ ಮೊದಲು ನಾನು ಅವರಿಬ್ಬರನ್ನೂ ಒಳಗೆ ಬಿಡುತ್ತೇನೆ. ಕತ್ತಿನವರೆಗೆ ಮುಳುಗಿ, ಹೊಗೆಯಾಡುವ ನೀರಲ್ಲಿ ಎದುರುಬದುರು ಕೂರುತ್ತಾರೆ. ಅವಳು ತುಟಿಯಷ್ಟೇ ಆಡಿಸಿ ಏನೋ ಹೇಳುತ್ತಾಳೆ. ತನ್ನ ದನಿ ಎಷ್ಟು ದೊಡ್ಡದೆಂದು ಗೊತ್ತಿಲ್ಲದ ಅವನು ಉತ್ತರ ಕೊಡುವುದು ಹೊರಗೆ ಸಾಲುನಿಂತವರಿಗೂ ಕೇಳಿಸುತ್ತದೆ.

"ಹೂಂ ಕಣೆ, ಬೆನ್ನು ಉಜ್ತೀನಿ, ತಿರುಗು."