ನಕ್ಷೆಯ ಮೇಲಿನ ನೀಲಿ ಚುಕ್ಕಿ

ನನ್ನ ಗಂಡನಿಗೆ ಒಂದು ರಸ್ತೆಯ ಹುಚ್ಚು ಹಿಡಿದಿತ್ತು. ಅದೂ ಎಲ್ಲಿಯ ರಸ್ತೆ? ಅಮೆರಿಕದ್ದು. ಕುವೈತಿನ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕದ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಒಂದು ದೊಡ್ಡ ನಕ್ಷೆ ಕೊಟ್ಟುಹೋಗಿದ್ದ. ಶಿಕಾಗೋದಿಂದ ಪಶ್ಚಿಮದ ಸಮುದ್ರದವರೆಗೆ ಹೋಗುವ ಹಳೆಯ ಹೆದ್ದಾರಿ, ರೂಟ್ ಅರವತ್ತಾರು. ರುಮೈಥಿಯಾದ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಎದುರಿಗೆ ಅದನ್ನು ಗೋಡೆಗೆ ಅಂಟಿಸಿದರು. ಅದಕ್ಕಾಗಿ ದೇವರ ಫೋಟೊ ಮೂಲೆಗೆ ಸರಿಯಿತು. ನಾನು ಎರಡು ದಿನ ಮಾತು ಬಿಟ್ಟೆ.

"ಆ ರಸ್ತಾ ಈಗ ಸರಕಾರದ ಪಟ್ಟಿಯೊಳಗ ಇಲ್ಲ. ತುಂಡ ತುಂಡ ಉಳದೈತಿ, ಅಷ್ಟ," ಎಂದರು ಒಂದು ದಿನ, ದೊಡ್ಡ ಗುಟ್ಟು ಹೇಳುವವರಂತೆ.

"ಇಲ್ಲದ ರಸ್ತಾ ನೋಡಾಕ ಅಷ್ಟ ದೂರ ಯಾರ ಹೊಕ್ಕಾರ್ರೀ? ತಲಿ ನೆಟ್ಟಗೈತೋ ಇಲ್ಲೋ?" ಎಂದೆ.

ಅವರು ನಕ್ಕು ಕೆಂಪು ಪೆನ್ನು ತೆಗೆದುಕೊಂಡರು. ನಮ್ಮ ಆರು ವರ್ಷದ ಮಗಳಿಗೆ ದಿನಕ್ಕೊಂದು ಊರು ತೋರಿಸುವುದು, ಸುತ್ತ ಕೆಂಪು ಗೆರೆ ಎಳೆಯುವುದು. ಕೆರೆಯ ದಂಡೆಯಲ್ಲಿ ಬಾಯಿ ತೆರೆದು ಕೂತ ಸಿಮೆಂಟಿನ ನೀಲಿ ತಿಮಿಂಗಿಲ. ಹೊಲದಲ್ಲಿ ಮೂತಿ ಹುಗಿದು ಸಾಲಾಗಿ ನಿಲ್ಲಿಸಿದ ಹತ್ತು ಕಾರು. ಡೇರೆಯ ಆಕಾರದ ಸಿಮೆಂಟಿನ ಕೋಣೆಗಳ ಮೋಟೆಲ್. ಕೊನೆಗೆ ಸಮುದ್ರ, ಅದರೊಳಗೆ ಚಾಚಿದ ಕಟ್ಟೆ, ಅಲ್ಲಿ ಜಾತ್ರೆಯಲ್ಲಿರುವಂಥ ತಿರುಗುವ ತೊಟ್ಟಿಲು. ಅವರು ಕನ್ನಡದಲ್ಲಿ ಹೇಳಿದರೆ ಅವಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ನಡುನಡುವೆ ನೀಲಿ ಚುಕ್ಕಿಗಳೂ ಇದ್ದವು. ಅವೇನೆಂದು ನಾನು ಕೇಳಲಿಲ್ಲ. ಕೇಳಿದರೆ ಇನ್ನೊಂದು ತಾಸು ಭಾಷಣ!

ಅವರಿಗೆ ಸಕ್ಕರೆ ಕಾಯಿಲೆ. ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು, ಅದು ತಂಪಿನಲ್ಲಿರಲೇಬೇಕು. ಹೀಗಿರುವಾಗ ತಿಂಗಳುಗಟ್ಟಲೆ ತಿರುಗಾಟ ಯಾಕೆ ಎಂಬುದು ನನ್ನ ವಾದ. ಆದರೂ ಒಪ್ಪಿದೆ. ತೊಂಬತ್ತರ ಆಗಸ್ಟಿನಲ್ಲಿ ರಜೆ ಸಿಕ್ಕಿತು. ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಅರಬ ಮಾಲೀಕ, ಕಫೀಲನ ಕಪಾಟಿನಲ್ಲಿರುತ್ತಿದ್ದ ಪಾಸ್‌ಪೋರ್ಟುಗಳು ವೀಸಾಕ್ಕೆಂದು ನಮ್ಮ ಕೈಗೆ ಬಂದವು. ಮೂರು ತಿಂಗಳಿಗಾಗುವಷ್ಟು ಇನ್ಸುಲಿನ್ ಫ್ರಿಜ್ಜಿನಲ್ಲಿ ಕೂತಿತು. ನಾನು ಅರವತ್ತು ಜೋಳದ ರೊಟ್ಟಿ ಬಡಿದು, ಖಡಕ್ ಮಾಡಿ, ಬಟ್ಟೆಯಲ್ಲಿ ಕಟ್ಟಿದೆ.

"ಅಮೆರಿಕಾಕ್ಕ ರೊಟ್ಟಿ ಗಂಟ ಕಟಗೊಂಡ ಹೊಂಟಾಕಿ ನೀನ ಮೊದಲನೇದಾಕಿ!"

"ಹಸದಾಗ ಕೇಳ್ತೀರಲ್ಲ, ಆವಾಗ ನೋಡ್ತೀನಿ," ಎಂದೆ.

ಹೊರಡಲು ಇನ್ನೂ ಒಂಬತ್ತು ದಿನವಿತ್ತು. ಬೆಳಿಗ್ಗೆ ಎದ್ದರೆ ಬೀದಿಯ ತುದಿಯಲ್ಲಿ ಇರಾಕಿನ ಟ್ಯಾಂಕು ನಿಂತಿತ್ತು.

ಒಂದು ತಿಂಗಳು ಕಾದೆವು. ಆಮೇಲೆ ಊರ ಕಡೆಯ ಹತ್ತಾರು ಜನ ಸೇರಿ ಬಸ್ಸು ಹಿಡಿದೆವು. ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ. ಅಗಲ ಬಾಯಿಯ ಥರ್ಮಾಸಿನಲ್ಲಿ ಐಸು, ಅದರೊಳಗೆ ಇನ್ಸುಲಿನ್ ಬಾಟಲಿಗಳು. ರೊಟ್ಟಿಯ ಗಂಟು ನನ್ನ ತೊಡೆಯ ಮೇಲೆ. ಮರಳಿನಲ್ಲಿ ಬುಡಮೇಲಾಗಿ ಬಿದ್ದ ಕಾರುಗಳನ್ನು ಕಂಡು ಮಗಳು ಹೆದರಿದರೆ, "ಹೆದರಬ್ಯಾಡವ್ವಾ, ಇವ ನೋಡು ಆ ಹುಗದ ಕಾರು," ಎಂದರು. ಗಡಿಯ ಕ್ಯಾಂಪಿನ ಸಾವಿರಾರು ಡೇರೆಗಳನ್ನು ಕಂಡಾಗ, "ಬಂತ ನೋಡು ನಿನ್ನ ಮೋಟೆಲ್," ಎಂದರು. ಅವಳು ನಕ್ಕಳು. ನನಗೆ ಸಿಟ್ಟು ಬಂತು, ಇಂಥದ್ದರಲ್ಲೂ ಇವರಿಗೆ ಆಟ ಎಂದು.

ಕ್ಯಾಂಪಿನ ಎರಡನೆಯ ದಿನ ನೀರಿನ ಲಾರಿ ಬರಲಿಲ್ಲ. ಮಗಳ ತುಟಿ ಒಡೆದಿತ್ತು. "ಮಮ್ಮೀ, ವಾಟರ್," ಎನ್ನುವುದೂ ನಿಂತುಹೋಗಿತ್ತು. ಥರ್ಮಾಸಿನಲ್ಲಿ ಕರಗಿದ ಐಸಿನ ನೀರಿತ್ತು, ಇನ್ನೂ ತಣ್ಣಗಿತ್ತು.

"ಇದನ್ನ ಕೊಡಲೇನ್ರೀ?" ಎಂದೆ.

"ಕೊಡು. ನಾಳೆ ಐಸ್ ಸಿಗತೈತಿ," ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ.

ನಾನು ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ. ಮರುದಿನ ಐಸು ಸಿಗಲಿಲ್ಲ, ಅದರ ಮರುದಿನವೂ ಸಿಗಲಿಲ್ಲ. ಡೇರೆಯೊಳಗೆ ಬಾಟಲಿಗಳು ಚಹಾದಷ್ಟು ಬಿಸಿಯಾದವು. ಅವರು ಅದನ್ನೇ ಚುಚ್ಚಿಕೊಂಡರು. ಐದನೆಯ ದಿನ ವಾಂತಿ ಶುರುವಾಯಿತು, ಉಸಿರು ಕೊಳೆತ ಹಣ್ಣಿನಂತೆ ನಾರಿತು. ಮದ್ದು ಕೆಟ್ಟುಹೋಗಿದೆ ಎಂದು ಕ್ಯಾಂಪಿನ ಡಾಕ್ಟರು ಹೇಳುವ ಹೊತ್ತಿಗೆ ಅವರಿಗೆ ನನ್ನ ಗುರುತು ತಪ್ಪಿತ್ತು. ಏಳನೆಯ ದಿನ ಹೋಗಿಬಿಟ್ಟರು. ಗಂಟಿನಲ್ಲಿ ಇನ್ನೂ ಇಪ್ಪತ್ತು ರೊಟ್ಟಿ ಉಳಿದಿದ್ದವು.

ಮಾರನೆಯ ವರ್ಷ ಮಗಳನ್ನು ತವರಿನಲ್ಲಿ ಬಿಟ್ಟು ಮರಳಿ ಕುವೈತಿಗೆ ಬಂದೆ. ಮಿರ್ಕಾಬಿನಲ್ಲಿ ನಾನು ಮೊದಲು ಟೈಪ್ ಮಾಡುತ್ತಿದ್ದ ಆಫೀಸಿನವರೇ ಕರೆಸಿದರು. ಮಧ್ಯಾಹ್ನವಾದರೂ ಆಕಾಶ ಕಪ್ಪು, ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ರುಮೈಥಿಯಾಕ್ಕೆ ಹೋದೆ. ಫ್ಲ್ಯಾಟಿನ ಬಾಗಿಲು ಮುರಿದಿತ್ತು. ಫ್ರಿಜ್ಜಿಲ್ಲ, ಫ್ಯಾನಿಲ್ಲ, ಊಟದ ಮೇಜಿಲ್ಲ, ಗೋಡೆಯ ಸ್ವಿಚ್ಚನ್ನೂ ಕಿತ್ತೊಯ್ದಿದ್ದರು. ನಕ್ಷೆ ಮಾತ್ರ ಅಲ್ಲೇ ಇತ್ತು. ಅದು ಯಾರಿಗೆ ಬೇಕು?

ಕಿತ್ತುಹಾಕಬೇಕೆಂದೇ ಹತ್ತಿರ ಹೋದೆ. ಕೆಳಗಿನ ಮೂಲೆಯಲ್ಲಿ ಅವರ ಸಣ್ಣ ಅಕ್ಷರ ಕಂಡಿತು. ಕೆಂಪು ಗೆರೆಯ ಮುಂದೆ, "ಮಗಳಿಗೆ." ನೀಲಿ ಚುಕ್ಕಿಯ ಮುಂದೆ, "ಐಸ್ ಸಿಗುವಲ್ಲಿ. ಇಕಿಗೆ ಹೇಳೂದು ಬ್ಯಾಡ, ಹೆದರಿ ಬರೂದಿಲ್ಲ ಅಂತಾಳ."

ಶಿಕಾಗೋದಿಂದ ಸಮುದ್ರದವರೆಗೆ ಬೆರಳಿಟ್ಟು ನೋಡುತ್ತ ಹೋದೆ. ಅರ್ಧ ದಿನದ ದಾರಿಗೊಂದು ಚುಕ್ಕಿ. ಎಲ್ಲೂ ತಪ್ಪಿಸಿರಲಿಲ್ಲ. ನಕ್ಷೆಗೆ ತಲೆಯಿಟ್ಟು, ಬದುಕಿದ್ದಾಗ ಬೈಯುತ್ತಿದ್ದ ಹಾಗೆಯೇ ಬೈದೆ.

"ಇಷ್ಟೆಲ್ಲಾ ವಿಚಾರ ಮಾಡಿದವ್ರು, ಆ ನೀರ ಕೊಡಬ್ಯಾಡ ಅಂತ ಒಂದ ಮಾತ ಯಾಕ ಅನ್ನಲಿಲ್ರೀ?"