ಚೂಡಾಮಣಿ ಮೇಡಂ ಬರೆಸಿದ ಪ್ರಬಂಧ

ಜಯನಗರದ ಒಂದು ಖಾಸಗಿ ಹೈಸ್ಕೂಲಿಗೆ ಚೂಡಾಮಣಿ ಕನ್ನಡ ಟೀಚರಾಗಿ ಸೇರಿದ್ದು ೧೯೯೧ರ ಜೂನ್‌ನಲ್ಲಿ. ಆಗ ಅವರಿಗೆ ಇಪ್ಪತ್ತೊಂಬತ್ತು. ಶನಿವಾರದ ಕೊನೆಯ ಪೀರಿಯಡ್ಡು ಆ ಶಾಲೆಯಲ್ಲಿ ಯಾರಿಗೂ ಬೇಡದ್ದು. ಮಕ್ಕಳ ಮನಸ್ಸು ಆಗಲೇ ಗೇಟು ದಾಟಿ ಹೋಗಿರುತ್ತಿತ್ತು. ಚೂಡಾಮಣಿ ಅದನ್ನೇ ಕೇಳಿ ಪಡೆದರು. ಪುಸ್ತಕಗಳನ್ನೆಲ್ಲ ಬ್ಯಾಗಿನೊಳಗೆ ಹಾಕಿಸಿ, ಮೇಜಿನ ತುದಿಗೆ ಒರಗಿ ನಿಂತು ಶುರು ಮಾಡುತ್ತಿದ್ದರು.

"ಫೋರ್ತ್ ಬ್ಲಾಕ್ ಬಸ್ ಸ್ಟ್ಯಾಂಡಲ್ಲಿ ಒಂದು ಬಸ್ಸು ಬೆಳಗ್ಗೆಯಿಂದ ಹೊರಡಲ್ಲ ಅಂತ ಹಟ ಹಿಡ್ಕೊಂಡು ನಿಂತಿದೆ. ಯಾಕಿರಬಹುದು? ಹೇಳ್ರೋ."

ಅಷ್ಟು ಸಾಕಾಗಿತ್ತು. ಬಸ್ಸಿಗೆ ಮಂಡಿನೋವು ಅಂತ ಒಬ್ಬ. ಕಂಡಕ್ಟರ್ ಮದುವೆಗೆ ಬಸ್ಸನ್ನೇ ಕರೆದಿಲ್ಲ, ಅದಕ್ಕೆ ಮುನಿಸು ಅಂತ ಇನ್ನೊಬ್ಬಳು. ಗಂಟೆ ಹೊಡೆದರೂ ಮಕ್ಕಳು ಏಳುತ್ತಿರಲಿಲ್ಲ. ಚೂಡಾಮಣಿ ಅವರ ಕಥೆಗಳನ್ನು ಗೀಚಿಟ್ಟುಕೊಂಡು, ಮನೆಯಲ್ಲಿ ನೀಟಾಗಿ ಬರೆದು ಸೋಮವಾರ ಕಾರಿಡಾರಿನ ಬೋರ್ಡಿಗೆ ಹಚ್ಚುತ್ತಿದ್ದರು.

೧೯೯೬ರಲ್ಲಿ ಎಂಟನೇ ತರಗತಿಗೆ ಮಧುಮತಿ ಎಂಬ ಹುಡುಗಿ ಬಂದಳು. ರೋಣದ ಕಡೆಯವಳು. ಅವಳ ಅಪ್ಪ ಸಂಗಮೇಶ ಒಂದು ಕಚೇರಿಯಲ್ಲಿ ಡ್ರೈವರ್ ಕೆಲಸ ಹಿಡಿದು, ಬಿಟಿಎಂ ಲೇಔಟಿನಲ್ಲಿ ಶೀಟಿನ ಮನೆ ಬಾಡಿಗೆಗೆ ತೆಗೆದುಕೊಂಡಿದ್ದ. "ನಾ ಬರತೇನ್ರಿ", "ಹಂಗಲ್ರಿ" ಎಂದು ಅವಳು ಬಾಯಿ ಬಿಟ್ಟರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಒಂದೇ ತಿಂಗಳಲ್ಲಿ ಹುಡುಗಿ ಮಾತು ನಿಲ್ಲಿಸಿದಳು. ಆದರೆ ಶನಿವಾರದ ಆ ಪೀರಿಯಡ್ಡಿನಲ್ಲಿ ಮಾತ್ರ ಕೈ ಎತ್ತುತ್ತಿದ್ದಳು. ಕಥೆ ಹೇಳುವಾಗ ಅವಳ ಮಾತಿಗೆ ಯಾರೂ ನಗುತ್ತಿರಲಿಲ್ಲ. ಮುಂದೇನಾಯಿತು ಎಂದು ಕೇಳುವುದರಲ್ಲೇ ಮುಳುಗಿರುತ್ತಿದ್ದರು.

ಎರಡು ವರ್ಷ ಹೀಗೇ ನಡೆಯಿತು. ೧೯೯೮ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹದಿಮೂರು ಮಕ್ಕಳು ಕನ್ನಡದಲ್ಲೇ ಫೇಲಾದರು. ಹೆಡ್‌ಮಾಸ್ಟರ್ ಜಯದೇವಪ್ಪನವರು ಕೆಟ್ಟವರಲ್ಲ, ಕೂಗಾಡಿದವರೂ ಅಲ್ಲ. ಚೂಡಾಮಣಿಯವರನ್ನು ಕರೆಸಿ, ಕಾಫಿ ತರಿಸಿಕೊಟ್ಟರು.

"ಮೇಡಂ, ನಿಮ್ಮ ಶನಿವಾರದ ಕಥೆ ನಂಗೂ ಇಷ್ಟಾನೇ. ಆದ್ರೆ ಪೇಪರ್ ತಿದ್ದೋರಿಗೆ ಬೇಕಾಗಿರೋದು ಪಾಯಿಂಟ್ಸು. ಪೇರೆಂಟ್ಸ್ ಬಂದು ಕೂತ್ರೆ ನಾನೇನು ಹೇಳ್ಲಿ? ಆ ಪೀರಿಯಡ್ಡನ್ನ ರಿವಿಷನ್‌ಗೆ ಕೊಟ್ಬಿಡಿ."

ಸ್ವಲ್ಪ ವಾದಿಸಬಹುದಿತ್ತು. ಪುಸ್ತಕದ ಪಾಠವನ್ನೂ ಮಾಡುತ್ತೇನೆ, ಇದನ್ನೂ ಉಳಿಸಿಕೊಳ್ಳುತ್ತೇನೆ ಎಂದಿದ್ದರೆ ಅವರು ಒಪ್ಪಿಯೂ ಬಿಡುತ್ತಿದ್ದರೇನೋ. ಚೂಡಾಮಣಿ ಕಾಫಿ ಮುಗಿಸಿ, "ಆಗ್ಲಿ ಸಾರ್" ಎಂದು ಎದ್ದು ಬಂದರು.

ಆ ಬೇಸಿಗೆ ರಜೆಯಲ್ಲಿ ಕೂತು ಇಪ್ಪತ್ತನಾಲ್ಕು ಪ್ರಬಂಧ ಬರೆದರು. ಗ್ರಂಥಾಲಯದ ಮಹತ್ವ, ಮಳೆಗಾಲ, ಸಮಯದ ಸದುಪಯೋಗ, ಹೀಗೆ. ಯಾವ ಗೈಡಿನಿಂದಲೂ ಕದ್ದದ್ದಲ್ಲ, ಒಂದೊಂದು ವಾಕ್ಯವನ್ನೂ ತೂಗಿ ಬರೆದದ್ದು. 'ಬಾಯಾರಿದ ನೆಲದ ತುಟಿಗೆ ಮುಗಿಲು ತಂಬಿಗೆ ಹಿಡಿದಂತೆ ಮಳೆಗಾಲ ಬರುತ್ತದೆ' ಎಂಬ ಸಾಲು ಹೊಳೆದ ಮಧ್ಯಾಹ್ನ ಅವರು ಒಬ್ಬರೇ ಅಡುಗೆಮನೆಯಲ್ಲಿ ಅದನ್ನು ನಾಲ್ಕು ಸಲ ಹೇಳಿಕೊಂಡಿದ್ದರು. ಜೂನ್‌ನಲ್ಲಿ ಎಲ್ಲವನ್ನೂ ಬರೆಸಿ, ಬಾಯಿಪಾಠ ಮಾಡಿಸಿದರು.

ಸೆಪ್ಟೆಂಬರ್ ಪರೀಕ್ಷೆಗೆ 'ಮಳೆಗಾಲ'ವೇ ಬಂತು. ಐವತ್ತೆರಡು ಮಕ್ಕಳು ಮುಗಿಲಿನ ಕೈಗೆ ತಂಬಿಗೆ ಕೊಟ್ಟಿದ್ದರು. ಮಧುಮತಿ ಒಬ್ಬಳು ಕೊಟ್ಟಿರಲಿಲ್ಲ. ಅವಳು ಬರೆದದ್ದು ಹೀಗಿತ್ತು: 'ನಮ್ಮೂರಾಗ ಮಳಿ ಬಂದರ ಎಲ್ಲಾರೂ ಹೊರಗ ಬರ್ತಾರ. ಬೆಂಗಳೂರಾಗ ಮಳಿ ಬಂದರ ಎಲ್ಲಾರೂ ಒಳಗ ಓಡ್ತಾರ. ಹಿಂಗಾಗಿ ಇಲ್ಲಿ ಮಳಿಗೆ ಮಾತಾಡಸಾಕ ಯಾರೂ ಸಿಗೂದಿಲ್ಲ. ಪಾಪ, ಅದು ಒಂದ ಒಂದು ತಾಸು ನಮ್ಮ ಶೀಟಿನ ಮ್ಯಾಲೆ ಕುಣದು, ಬ್ಯಾಸರಾಗಿ ಗಟಾರಕ್ಕ ಇಳದು ಹೊಕ್ಕೈತಿ.'

ಓದುತ್ತ ಚೂಡಾಮಣಿಯವರ ಕೈ ಒಂದು ಕ್ಷಣ ನಿಂತಿತು. ನಿಂತಿದ್ದು ಅವರಿಗೆ ಇವತ್ತಿಗೂ ನೆನಪಿದೆ. ಆಮೇಲೆ ಕೆಂಪು ಪೆನ್ನು ತಾನಾಗೇ ನಡೆಯಿತು. 'ಗ್ರಾಮ್ಯ. ಪೀಠಿಕೆ ಇಲ್ಲ.' ಹತ್ತಕ್ಕೆ ಎರಡು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಪೇಪರ್ ಕೊಡುವ ದಿನ, ಪರೀಕ್ಷೆಯಲ್ಲಿ ಹೇಗೆ ಬರೆಯಬಾರದು ಎಂದು ತೋರಿಸಲು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. 'ಮಳಿ' ಅಂದ ಕೂಡಲೇ ಹಿಂದಿನ ಬೆಂಚಿನಿಂದ ನಗು ಎದ್ದಿತು. 'ಗಟಾರ'ಕ್ಕೆ ಬರುವ ಹೊತ್ತಿಗೆ ಇಡೀ ಕ್ಲಾಸು ನಗುತ್ತಿತ್ತು. ಮಧುಮತಿ ತಲೆ ತಗ್ಗಿಸಿ ಸ್ಕೇಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಯಾಕಮ್ಮ, ಬರೆಸಿದ್ದನ್ನ ಕಲಿಯೋಕೆ ಏನು ಕಷ್ಟ ನಿಂಗೆ?"

"ಇನ್ನ ಮ್ಯಾಲೆ ಕಲೀತೇನ್ರಿ ಮೇಡಂ."

ಕಲಿತಳು. ಇಪ್ಪತ್ತನಾಲ್ಕನ್ನೂ ಕಾಮಾ ಸಮೇತ ಕಲಿತಳು. ಕನ್ನಡಕ್ಕೆ ನೂರಿಪ್ಪತ್ತೈದಕ್ಕೆ ನೂರಹದಿನಾಲ್ಕು ಬಂತು. ಶಾಲೆಗೆ ಮೊದಲ ಸಲ ಕನ್ನಡದಲ್ಲಿ ನೂರಕ್ಕೆ ನೂರು ಫಲಿತಾಂಶ. ವಾರ್ಷಿಕೋತ್ಸವದಲ್ಲಿ ಚೂಡಾಮಣಿಯವರಿಗೆ ಶಾಲು ಹೊದಿಸಿದರು. ಅವರ ನೋಟ್ಸು ಜೆರಾಕ್ಸ್ ಆಗಿ ಬನಶಂಕರಿಯ ಟ್ಯೂಷನ್ ಮನೆಗಳಿಗೂ ಹೋಯಿತು. ಹೊಗಳಿಕೆ ಬೇಡವೆನಿಸಲಿಲ್ಲ. ಶನಿವಾರದ ಪೀರಿಯಡ್ಡಿನಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು ರೂಢಿಯಾಯಿತು, ಕಾರಿಡಾರಿನ ಬೋರ್ಡಿಗೆ ರ‍್ಯಾಂಕ್ ಪಟ್ಟಿ ಬಂತು. ಹೀಗೆ ಹತ್ತು ವರ್ಷ.

೨೦೦೮ರ ಆಗಸ್ಟಿನಲ್ಲಿ ಸುಬ್ರಹ್ಮಣ್ಯಪುರದ ಒಂದು ಶಾಲೆಯಲ್ಲಿ ಸುತ್ತಲಿನ ಶಾಲೆಗಳ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇತ್ತು. ಚೂಡಾಮಣಿ ತೀರ್ಪುಗಾರರಾಗಿ ಹೋದರು. ವಿಷಯ ಮಳೆಗಾಲ. ಸ್ಟಾಫ್ ರೂಮಿನಲ್ಲಿ ಕೂತು ಮೊದಲ ಹಾಳೆ ತೆರೆದರೆ, ಬಾಯಾರಿದ ನೆಲದ ತುಟಿಗೆ ಮುಗಿಲು ತಂಬಿಗೆ ಹಿಡಿದಿತ್ತು. ಎರಡನೆಯದರಲ್ಲೂ ಹಿಡಿದಿತ್ತು. ಹನ್ನೊಂದು ಮಕ್ಕಳು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ತಾವು ಬರೆದ ಸಾಲು ಅಷ್ಟು ಎಳೆಯ ಕೈಬರಹಗಳಲ್ಲಿ ಒಂದೇ ಸಮನೆ ಬರುವುದನ್ನು ನೋಡಿ ಅವರು ಹನ್ನೊಂದನ್ನೂ ಬೇರೆ ತೆಗೆದಿಟ್ಟರು.

"ಇವರೆಲ್ಲ ಯಾವ ಸ್ಕೂಲಿನ ಮಕ್ಕಳು?" ಎಂದು ಕೇಳಿದರು.

"ಇದೇ ಸ್ಕೂಲಿನವರು, ಮೇಡಂ. ನಮ್ಮ ಕನ್ನಡ ಮಿಸ್ಸು ಸಖತ್ ತಯಾರು ಮಾಡ್ತಾರೆ," ಎಂದು ಹಾಳೆ ತಂದಿಟ್ಟಿದ್ದ ಗುಮಾಸ್ತ ಹೋಗಿ ಆ ಮಿಸ್ಸನ್ನು ಕರೆತಂದ.

ಕಾಟನ್ ಸೀರೆ, ಕೈಯಲ್ಲಿ ಚಾಕ್‌ಪುಡಿ. ಬಂದವಳೇ ಕಾಲಿಗೆ ಬಗ್ಗಿದಳು. "ಮೇಡಂ, ನಾನು ಮಧುಮತಿ. ತೊಂಬತ್ತೊಂಬತ್ತರ ಬ್ಯಾಚು. ನಿಮ್ಮ ನೋಟ್ಸು ಇನ್ನೂ ಇಟ್ಕೊಂಡಿದೀನಿ. ನೀವು ಕಲಿಸಿದ ಹಾಗೇ ಕಲಿಸ್ತಿದೀನಿ."

ಮಾತಿನಲ್ಲಿ ರೋಣದ ಸುಳಿವೇ ಇರಲಿಲ್ಲ. ಚೂಡಾಮಣಿ ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಏನೇನೋ ಕೇಳಿದರು: ಮದುವೆ, ಮಗು, ಅಪ್ಪನ ಆರೋಗ್ಯ. ಕೊನೆಗೆ ತಡೆಯಲಾಗಲಿಲ್ಲ.

"ಮಧುಮತಿ, ಅವತ್ತು ನಿನ್ನ ಪೇಪರ್ ಕ್ಲಾಸಲ್ಲಿ ಓದಿದೆನಲ್ಲ. ನೆನಪಿದ್ಯಾ?"

ಅವಳು ಮೇಜಿನ ಮೇಲಿದ್ದ ಹಾಳೆಗಳ ಅಂಚು ಸರಿಮಾಡಿದಳು.

"ಇದೆ ಮೇಡಂ. ಅದಕ್ಕೇ ನಮ್ಮ ಮಕ್ಕಳಿಗೆ ನಾನೇ ಎಲ್ಲಾ ಬರೆಸಿಬಿಡ್ತೀನಿ. ಇಲ್ಲೂ ಊರಿಂದ ಬಂದೋರು ಜಾಸ್ತಿ. ಸ್ವಂತ ಬರೆಯೋಕೆ ಬಿಟ್ರೆ ಏನೋ ಬರೀತಾರೆ, ಉಳಿದೋರು ನಗ್ತಾರೆ. ಆ ನಗು ಯಾವ ಮಗೂಗೂ ಬೇಡ ಮೇಡಂ."

ದೂರುವ ದನಿಯಲ್ಲ ಅದು. ತಾನು ಮಾಡುತ್ತಿರುವುದು ಒಳ್ಳೆಯದೆಂದೇ ನಂಬಿ ಹೇಳಿದ್ದು. ಚೂಡಾಮಣಿಯವರಿಗೆ ಬೈಸಿಕೊಂಡಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ತಪ್ಪು ಮಾಡ್ದೆ ಕಣಮ್ಮ. ಅವತ್ತು ನಗಬಾರದು ಅಂತ ಕ್ಲಾಸಿಗೆ ಹೇಳಬೇಕಿತ್ತು. ಎರಡಲ್ಲ, ಒಂಬತ್ತು ಕೊಡಬೇಕಿತ್ತು."

"ಅಯ್ಯೋ, ಬಿಡಿ ಮೇಡಂ. ನಿಮ್ಮ ನೋಟ್ಸಿಂದಾನೇ ಪಾಸಾಗಿ, ಟಿಸಿಎಚ್ ಮಾಡಿ, ಈ ಕೆಲಸ ಸಿಕ್ತು," ಎಂದು ಮಧುಮತಿ ಗಾಬರಿಯಾಗಿ ಎದ್ದಳು. "ಕಾಫಿ ತರಿಸ್ಲಾ?"

"ನನಗೆ ಶನಿವಾರ ಒಂದು ಪೀರಿಯಡ್ ಕೊಡ್ತೀಯಾ? ನಾನೇ ಬಂದು ಮಕ್ಕಳ ಜೊತೆ ಕೂರ್ತೀನಿ."

ಮಧುಮತಿ ಇಲ್ಲವೆನ್ನಲಿಲ್ಲ. ಚೂಡಾಮಣಿ ತಮ್ಮ ಕ್ಲಾಸುಗಳನ್ನು ಬೇಗ ಮುಗಿಸಿಕೊಂಡು ಮೂರು ಶನಿವಾರ ಬಸ್ಸು ಹತ್ತಿ ಸುಬ್ರಹ್ಮಣ್ಯಪುರಕ್ಕೆ ಹೋದರು. ಅರ್ಧ ಹೇಳಿದ ಕಥೆಯನ್ನು ಮುಂದುವರಿಸಿ ಎಂದರೆ ಮಕ್ಕಳು ಪೆನ್ನು ಬಿಚ್ಚಿ ಕಾಯುತ್ತಿದ್ದರು, ಅವರೇ ಹೇಳಲಿ, ಬರೆದುಕೊಳ್ಳೋಣ ಎಂದು. ಮುಂದಿನ ಬೆಂಚಿನ ಧೃತಿ ಎಂಬ ಹುಡುಗಿ, "ಮಿಸ್, ಇದಕ್ಕೆ ಆನ್ಸರ್ ಯಾವುದು?" ಎಂದು ಎರಡು ಸಲ ಕೇಳಿದಳು. ಮಧುಮತಿ ಹಿಂದಿನ ಸಾಲಿನಲ್ಲಿ ಕೂತು ಕಾಪಿ ತಿದ್ದುತ್ತಿದ್ದಳು. ಒಂದು ಸಲ ಮಾತ್ರ ಪೆನ್ನು ಕೆಳಗಿಟ್ಟು ಕಥೆ ಕೇಳಿದಳು. ಚೂಡಾಮಣಿ ಅವಳ ಕಡೆ ತಿರುಗಿ, "ನೀನು ಹೇಳಮ್ಮ, ಮುಂದೇನಾಯ್ತು?" ಎಂದರು. ಮಕ್ಕಳೆಲ್ಲ ಹಿಂದಕ್ಕೆ ತಿರುಗಿದರು. ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟೂ ಕಣ್ಣುಗಳನ್ನು ನೋಡಿದಳು, "ನಂಗೆ ಬರಲ್ಲ ಮೇಡಂ" ಎಂದು ನಕ್ಕುಬಿಟ್ಟಳು.

ನಾಲ್ಕನೆಯ ಶನಿವಾರಕ್ಕೆ ಮುಂಚೆ ಮಧುಮತಿಯ ಫೋನು ಬಂತು. ಪರೀಕ್ಷೆ ಹತ್ತಿರ ಬಂದಿದೆ, ರಿವಿಷನ್ ಆಗಬೇಕು, ದಸರಾ ರಜೆ ಕಳೆದ ಮೇಲೆ ನೋಡೋಣ ಅಂತ. ಜಯದೇವಪ್ಪನವರಿಗೆ ಹೇಳಿದಂತೆ ಸುಮ್ಮನೆ 'ಆಗ್ಲಿ' ಎನ್ನಬಾರದೆಂದು ಚೂಡಾಮಣಿ ಈ ಸಲ ವಾದಿಸಿದರು, ಅರ್ಧ ಗಂಟೆಯಾದರೂ ಸಾಕೆಂದರು. ಆ ಕಡೆಯಿಂದ ಮಧುಮತಿ ವಿನಯದಿಂದಲೇ ಹೇಳಿದಳು: "ತೊಂಬತ್ತೆಂಟರಲ್ಲಿ ಆದ ಹಾಗೆ ಹದಿಮೂರು ಮಕ್ಕಳು ಫೇಲಾದ್ರೆ ಯಾರು ಮೇಡಂ ಉತ್ತರ ಕೊಡೋದು?"

ರಜೆ ಕಳೆಯಿತು. ಚೂಡಾಮಣಿ ಎರಡು ಸಲ ತಾವಾಗಿಯೇ ಫೋನು ಮಾಡಿದರು. ಎರಡು ಸಲವೂ ಮಧುಮತಿ ಕ್ಲಾಸಿನಲ್ಲಿದ್ದಾಳೆ ಎಂದರು, ಅವಳು ತಿರುಗಿ ಮಾಡಲಿಲ್ಲ.